ಇವತ್ತು ಮಾತ್ರೆ ಎಷ್ಟು ಹೊತ್ತಿಗೆ ತಗೊಂಡಿದ್ದು?

ಎಡಿಎಚ್‌ಡಿಗೆ (ಗಮನ ಒಂದೆಡೆ ನಿಲ್ಲದ, ಮಿತಿಮೀರಿ ಚಂಚಲವಾಗಿರುವ ತೊಂದರೆಗೆ) ಮಾತ್ರೆ ತೆಗೆದುಕೊಳ್ಳುವ ಒಬ್ಬ ಹುಡುಗನ ಬಗ್ಗೆ ತರಗತಿಯ ಮೇಡಂ "ಈಗ ಎಷ್ಟೋ ವಾಸಿ" ಅನ್ನುತ್ತಾರೆ. ಅಮ್ಮ "ಸಂಜೆಯಾದ್ರೆ ಹಿಡಿಯೋಕೇ ಆಗಲ್ಲ ಸಾರ್" ಅನ್ನುತ್ತಾರೆ. ಪಿ.ಟಿ. ಮೇಷ್ಟ್ರು "ಮಾತ್ರೆ ತಗೊಂಡ್ರೂ ಹೀಗೇ ಆಡ್ತಾನಲ್ಲ" ಅನ್ನುತ್ತಾರೆ. ಮೂವರು ಹೇಳುವುದೂ ನಿಜ. ಅವರು ಅವನನ್ನು ನೋಡುವ ಹೊತ್ತು ಬೇರೆ ಬೇರೆ, ಅಷ್ಟೇ. ಶಾಲೆಯ ಮೈದಾನದಲ್ಲಿ ಕೆಲಸ ಮಾಡುವ ನಮಗೆ ಇದು ಅರ್ಥವಾಗಲು ವರ್ಷಗಳೇ ಬೇಕಾಗುತ್ತವೆ, ಯಾಕೆಂದರೆ ತರಬೇತಿಯಲ್ಲಿ ಇದನ್ನು ಯಾರೂ ಹೇಳಿಕೊಡುವುದಿಲ್ಲ. ಹುಡುಗ ಸರಿಯಾಗಿ ಆಡುತ್ತಿಲ್ಲ ಎಂದು ತೀರ್ಮಾನಿಸುವ ಮುಂಚೆ ಅವನು ಮಾತ್ರೆ ತಗೊಂಡ ಹೊತ್ತು ನಮಗೆ ಗೊತ್ತಿರಬೇಕು.

ಹೆಚ್ಚಾಗಿ ಬರೆದುಕೊಡುವುದು ಮೀಥೈಲ್‌ಫೆನಿಡೇಟ್. ಮೆಡಿಕಲ್ ಶಾಪಿನಲ್ಲಿ ಇನ್‌ಸ್ಪೈರಲ್, ಆಡ್‌ವೈಜ್ ಎಂಬ ಹೆಸರುಗಳಲ್ಲಿ ಇರುತ್ತದೆ. ಸಾದಾ ಮಾತ್ರೆಯಾದರೆ ನುಂಗಿದ ಅರ್ಧ–ಮುಕ್ಕಾಲು ಗಂಟೆಯಲ್ಲಿ ಕೆಲಸ ಶುರು ಮಾಡಿ 3–4 ಗಂಟೆಯಲ್ಲಿ ಇಳಿಯುತ್ತದೆ. ನಿಧಾನವಾಗಿ ಬಿಡುಗಡೆಯಾಗುವ ಬಗೆಯದು ಕಂಪನಿಯ ತಯಾರಿಕೆಗೆ ತಕ್ಕಂತೆ 6–8 ಗಂಟೆಯಿಂದ 12 ಗಂಟೆಯವರೆಗೂ ಇರುತ್ತದೆ. ಈಗ ಲೆಕ್ಕ ಹಾಕಿ. ಬೆಳಿಗ್ಗೆ 8ಕ್ಕೆ ಸಾದಾ ಮಾತ್ರೆ ತಗೊಂಡವನಿಗೆ ಮಧ್ಯಾಹ್ನದ ಊಟದ ಬೆಲ್ ಹೊಡೆಯುವ ಹೊತ್ತಿಗೇ ಅದು ಮುಗಿದಿದೆ. ಅದೇ ಹೊತ್ತಿಗೆ ತಗೊಂಡದ್ದು 8 ಗಂಟೆ ಕೆಲಸ ಮಾಡುವ ಮಾತ್ರೆಯಾದರೆ ಸಂಜೆ 4ಕ್ಕೆ ಇಳಿಯುತ್ತದೆ. ನಮ್ಮ ಅಭ್ಯಾಸ ಶುರುವಾಗುವುದು 4:30ಕ್ಕೆ.

ಮಾತ್ರೆ ಇಳಿಯುವ ಹೊತ್ತಿಗೆ ಕೆಲವು ಮಕ್ಕಳು ಮೊದಲಿದ್ದದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಸಿಡುಕುತ್ತಾರೆ. ಸಣ್ಣ ಮಾತಿಗೆ ಅಳು, ಔಟ್ ಕೊಟ್ಟರೆ ಜಗಳ, ಜೊತೆಗೆ ಬೆಳಿಗ್ಗೆಯಿಂದ ಸರಿಯಾಗಿ ಉಣ್ಣದ ಹಸಿವು. ಇದು ಒಂದು ಗಂಟೆಯ ಆಚೀಚೆ ಇರುತ್ತದೆ. ಅಂಥ ಹೊತ್ತಿನಲ್ಲಿ ಶಿಸ್ತು ಕಲಿಸುತ್ತೇನೆ ಎಂದು ಹತ್ತು ಸುತ್ತು ಓಡಿಸುವುದು ತಪ್ಪು. ಮೊದಲು ಎರಡು ಬಾಳೆಹಣ್ಣು, ನೀರು, ಹತ್ತು ನಿಮಿಷ ತನ್ನಷ್ಟಕ್ಕೆ ಚೆಂಡು ಹೊಡೆಯಲು ಬಿಡಿ. ಆಮೇಲೆ ತಂಡಕ್ಕೆ ಸೇರಿಸಿ. "ಸಂಜೆಗೆ ಇನ್ನೊಂದು ಮಾತ್ರೆ ಕೊಡಿ" ಎಂದು ಮನೆಯವರಿಗೆ ನಾವು ಹೇಳಲೇಬಾರದು. ಅದು ಡಾಕ್ಟರ ಕೆಲಸ. ಹೊತ್ತು ಮೀರಿ ಕೊಟ್ಟ ಮಾತ್ರೆ ರಾತ್ರಿಯ ನಿದ್ದೆ ತಿನ್ನುತ್ತದೆ, ನಿದ್ದೆಗೆಟ್ಟ ಮಗು ಮಾರನೇ ದಿನ ಇನ್ನೂ ಚಂಚಲ. ನಮ್ಮ ಕೈಲಿರುವುದು ಅಭ್ಯಾಸದ ಕ್ರಮ ಬದಲಿಸುವುದು ಮಾತ್ರ.

ಖೋ-ಖೋ ಅಂಕಣದ ಹತ್ತಿರ ಕೂತು ನೋಡಿ. ಎಂಟು ಜನ ಚೌಕಗಳಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಾರೆ, ಒಬ್ಬರು ಈ ಕಡೆ ಮುಖ, ಪಕ್ಕದವರು ಆ ಕಡೆ ಮುಖ. ಮೂರನೇ ಚೌಕದ ಹುಡುಗಿಯ ಹಿಮ್ಮಡಿ ಮಣ್ಣಿನ ಮೇಲೆ ನಿಲ್ಲುತ್ತಿಲ್ಲ. ಬೆರಳು ಹುಲ್ಲು ಕೀಳುತ್ತಿದೆ. ಬೆನ್ನ ಹಿಂದೆ ಹೆಜ್ಜೆ ಸದ್ದಾದ ಕೂಡಲೇ, ಖೋ ಬೀಳುವ ಮೊದಲೇ ಎದ್ದುಬಿಟ್ಟಳು. ಫೌಲ್. ಮುಂದಿನ ಸಲ ಖೋ ಬಿದ್ದರೂ ಏಳಲಿಲ್ಲ, ಯಾಕೆಂದರೆ ಕಣ್ಣು ರಸ್ತೆಯ ಬಸ್ಸಿನ ಮೇಲೆ. ಅವಳಿಗೆ ಓಡಲು ಬರುವುದಿಲ್ಲ ಎಂದಲ್ಲ. ಕಾಯುವುದು ಕಷ್ಟ. ಅದೇ ಹುಡುಗಿಯನ್ನು ಓಟಗಾರಳಾಗಿ ಒಳಗೆ ಬಿಟ್ಟರೆ ಮೂರು ನಿಮಿಷ ಕೈಗೆ ಸಿಗುವುದಿಲ್ಲ. ಹಾಗಾಗಿ ಮಾತ್ರೆ ಇಳಿದ ಸಂಜೆಯಲ್ಲಿ ಕೂತು ಕಾಯುವ ಅಭ್ಯಾಸವನ್ನು ಐದೈದು ನಿಮಿಷದ ತುಂಡು ಮಾಡಿ, ನಡುನಡುವೆ ಓಟ ಇಡಿ. ಕಬಡ್ಡಿ ಇಂಥ ಮಕ್ಕಳಿಗೆ ಒಗ್ಗುತ್ತದೆ: ಒಂದು ರೈಡ್ 30 ಸೆಕೆಂಡು, ಗುರಿ ಕಣ್ಣೆದುರಿಗೆ. ಚೈನ್ ಹಿಡಿದು ನಿಲ್ಲುವಾಗ ಮಾತ್ರ ಅವಸರ ಮಾಡಿ ಕೈ ಬಿಡುತ್ತಾರೆ, ಅದನ್ನು ಬೇರೆಯಾಗಿ ಕಲಿಸಬೇಕು. ಕ್ರಿಕೆಟ್‌ನಲ್ಲಿ ಬೌಂಡರಿ ಗೆರೆಯಲ್ಲಿ ನಿಲ್ಲಿಸಿದರೆ ಮೂರನೇ ಓವರಿಗೆ ಅವನ ಮನಸ್ಸು ಅಲ್ಲಿರುವುದಿಲ್ಲ. ಪಾಯಿಂಟ್, ಕವರ್ ಕಡೆ ನಿಲ್ಲಿಸಿ.

ಸೂಚನೆ ಒಂದು ಸಲಕ್ಕೆ ಒಂದೇ. "ಓಡಿ ಹೋಗು, ಕೋನ್ ಮುಟ್ಟು, ತಿರುಗಿ ಪಾಸ್ ಕೊಟ್ಟು ಸಾಲಿನ ಹಿಂದೆ ನಿಲ್ಲು" ಎಂದರೆ ಅವನಿಗೆ ಉಳಿಯುವುದು ಮೊದಲನೆಯದು. ಹೇಳುವ ಬದಲು ಒಮ್ಮೆ ಮಾಡಿ ತೋರಿಸಿ, ಅವನ ಬಾಯಲ್ಲೇ ಹೇಳಿಸಿ. ಹೊಸ ತಂತ್ರವನ್ನು ಶನಿವಾರ ಬೆಳಿಗ್ಗೆ, ಮಾತ್ರೆ ಕೆಲಸ ಮಾಡುತ್ತಿರುವಾಗ ಕಲಿಸಿ. ಸಂಜೆಯ ಅಭ್ಯಾಸ ಕಲಿತದ್ದನ್ನು ಉಜ್ಜುವುದಕ್ಕಿರಲಿ.

ಊಟದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಆಟಗಾರ ಮಗುವಿಗೆ ಈ ಮಾತ್ರೆಯಿಂದ ಬರುವ ದೊಡ್ಡ ತೊಂದರೆ ಇದೇ. ಮೀಥೈಲ್‌ಫೆನಿಡೇಟ್ ಹಸಿವು ಕಟ್ಟುತ್ತದೆ, ಮುಖ್ಯವಾಗಿ ಮಧ್ಯಾಹ್ನ. ಟಿಫಿನ್ ಡಬ್ಬಿ ಮನೆಗೆ ಹಾಗೇ ವಾಪಸು ಹೋಗುತ್ತದೆ. ಆ ಹೊಟ್ಟೆಯಲ್ಲೇ ಎರಡು ಗಂಟೆ ಆಡಿದರೆ ಕೈ ನಡುಗುವುದು, ತಲೆಸುತ್ತು, ಹೊಟ್ಟೆನೋವು. ದಾರಿ ಸುಲಭ: ಮಾತ್ರೆಗೆ ಮೊದಲು ಹೊಟ್ಟೆ ತುಂಬಾ ತಿಂಡಿ. ಎರಡು ಅಕ್ಕಿ ರೊಟ್ಟಿ, ತುಪ್ಪ, ಮೊಟ್ಟೆ ತಿನ್ನುವವರಾದರೆ ಒಂದು ಮೊಟ್ಟೆ, ಒಂದು ಲೋಟ ಹಾಲು. ಅಥವಾ ಕಡುಬು, ಕಾಯಿಚಟ್ನಿ. ತಿಂಡಿ ಆದ ಮೇಲೆ ಮಾತ್ರೆ. ಮಧ್ಯಾಹ್ನ ಊಟಕ್ಕೆ ಒತ್ತಾಯ ಮಾಡಿ ಪ್ರಯೋಜನವಿಲ್ಲ. ಶೇಂಗಾ ಚಿಕ್ಕಿ, ಬಾಳೆಹಣ್ಣು, ಮೊಸರನ್ನ, ಹೀಗೆ ಎರಡು ತುತ್ತಿನಲ್ಲಿ ಮುಗಿಯುವಂಥದ್ದು ಇರಲಿ. ಅಭ್ಯಾಸಕ್ಕೆ ಮುಕ್ಕಾಲು ಗಂಟೆ ಮುಂಚೆ ಮತ್ತೊಮ್ಮೆ ತಿನ್ನಿಸಿ. ಮಾತ್ರೆ ಇಳಿದ ಮೇಲೆ ರಾತ್ರಿ ಅವನಿಗೆ ನಿಜವಾದ ಹಸಿವು ಬರುತ್ತದೆ, ಆಗ ತಟ್ಟೆ ತುಂಬಾ ಬಡಿಸಿ. ಒಂಬತ್ತು ಗಂಟೆಗೆ "ಇನ್ನೇನು ತಿನ್ನೋದು, ಮಲಗು" ಅನ್ನಬೇಡಿ.

ಬೆಳಿಗ್ಗೆ 6ರ ಅಭ್ಯಾಸವಿರುವ ಮಕ್ಕಳಿಗೆ ಇದು ಇನ್ನೂ ಅನುಕೂಲ. ಮಾತ್ರೆ ಇಲ್ಲದೆ ಆಟ, ಮನೆಗೆ ಹೋಗಿ ತಿಂಡಿ, ಆಮೇಲೆ ಮಾತ್ರೆ, ಆಮೇಲೆ ಶಾಲೆ. ಶಾಲೆಯ ತೂಕದ ಯಂತ್ರದಲ್ಲಿ ತಿಂಗಳಿಗೊಮ್ಮೆ ತೂಕ ನೋಡಿ ಬರೆದಿಡಿ. ಅದೇ ಯಂತ್ರ, ಶೂ ಬಿಚ್ಚಿ. ಬೆಳೆಯುವ ವಯಸ್ಸಿನ ಮಗುವಿನ ತೂಕ ಎರಡು ತಿಂಗಳು ಏರದೆ ನಿಂತರೆ ಅಥವಾ ಇಳಿದರೆ ಆ ಚೀಟಿಯನ್ನು ಡಾಕ್ಟರಿಗೆ ತೋರಿಸಲು ಹೇಳಿ. ತೂಕದ ವರ್ಗದಲ್ಲಿ ಆಡುವ ಕುಸ್ತಿ, ಜೂಡೊ ಮಕ್ಕಳಲ್ಲಿ ಈ ಹಸಿವು ಕಟ್ಟುವುದನ್ನೇ ಉಪಯೋಗಿಸಿ ತೂಕ ಇಳಿಸಲು ಹೊರಟರೆ ಅದನ್ನು ಅಲ್ಲೇ ನಿಲ್ಲಿಸಿ.

ಬಿಸಿಲು ಮತ್ತು ಹೃದಯ. ಈ ಮಾತ್ರೆ ನಾಡಿಬಡಿತವನ್ನೂ ರಕ್ತದೊತ್ತಡವನ್ನೂ ಸ್ವಲ್ಪ ಏರಿಸುತ್ತದೆ. ದಣಿವು ತಿಳಿಯುವುದನ್ನು ಮರೆಸಲೂಬಹುದು, ಮೈ ಕಾದರೂ ಮಗು ನಿಲ್ಲುವುದಿಲ್ಲ. ಆದ್ದರಿಂದ ಮಾರ್ಚ್–ಏಪ್ರಿಲ್‌ನಲ್ಲಿ ಶಿವಮೊಗ್ಗ, ಭದ್ರಾವತಿ ಕಡೆಯ ಬಯಲಿನಲ್ಲಿ "ಸುಸ್ತಾಯ್ತಾ?" ಎಂದು ಕೇಳಿ ನಂಬಬಾರದು, ಗಡಿಯಾರ ನೋಡಿ ನೀರು ಕುಡಿಸಬೇಕು. 9ರಿಂದ 12 ವರ್ಷದವರಿಗೆ 20 ನಿಮಿಷಕ್ಕೊಮ್ಮೆ 100ರಿಂದ 250 ಮಿಲಿ. ಬಾಯಿ ಒಣಗುವುದೂ ಮಾತ್ರೆಯ ಗುಣವೇ, ಮಜ್ಜಿಗೆ ಒಳ್ಳೆಯದು. ಕೂತು ವಿಶ್ರಾಂತಿಯಲ್ಲಿರುವಾಗ ಮಣಿಕಟ್ಟಿನ ನಾಡಿ 30 ಸೆಕೆಂಡು ಎಣಿಸಿ ದುಪ್ಪಟ್ಟು ಮಾಡಿ. ಹೀಗೆ ಕೂತಾಗಲೂ 120 ದಾಟುತ್ತಲೇ ಇದ್ದರೆ ಆಟ ಬೇಡ, ಡಾಕ್ಟರ್ ನೋಡಲಿ. ಆಡುತ್ತಿರುವಾಗಲೇ ಪ್ರಜ್ಞೆ ತಪ್ಪಿ ಬಿದ್ದರೆ, ಎದೆನೋವು ಎಂದರೆ, ನೀರು ಚಿಮುಕಿಸಿ ಮತ್ತೆ ಆಡಿಸುವಂತಿಲ್ಲ. ಕೂಡಲೇ ಆಸ್ಪತ್ರೆಗೆ ಕಳಿಸಿ. ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲೇ ಹಠಾತ್ತನೆ ಹೃದಯದಿಂದ ತೀರಿಕೊಂಡವರಿದ್ದರೆ ಅದನ್ನು ಮಾತ್ರೆ ಶುರು ಮಾಡುವ ಮುಂಚೆಯೇ ಡಾಕ್ಟರಿಗೆ ಹೇಳಬೇಕು.

ನಮ್ಮ ಕಡೆಗೇ ಸೇರಿದ ಇನ್ನೊಂದು ಸಂಗತಿ ಇದೆ. ಮೀಥೈಲ್‌ಫೆನಿಡೇಟ್ ಕೆಲವು ಮಕ್ಕಳಲ್ಲಿ ಬೆರಳ ತುದಿಯ ರಕ್ತನಾಳಗಳನ್ನು ಬಿಗಿಯುತ್ತದೆ. ತಾಲ್ಲೂಕು ಮಟ್ಟದ ಕ್ರೀಡಾಕೂಟಗಳು ನಡೆಯುವುದೇ ಮಳೆಗಾಲದ ಆಸುಪಾಸಿನಲ್ಲಿ. ತೀರ್ಥಹಳ್ಳಿ, ಹೊಸನಗರದ ಕಡೆ ಜಿಟಿಜಿಟಿ ಮಳೆಯಲ್ಲಿ ನೆನೆದು ನಿಂತ ಮಗುವಿನ ಬೆರಳು ಬಿಳುಚಿ, ನೀಲಿಯಾಗಿ, ಆಮೇಲೆ ಕೆಂಪಾಗಿ ಚುಚ್ಚತೊಡಗಿದರೆ "ಚಳಿ" ಎಂದು ಬಿಡಬೇಡಿ. ಒಣಗಿದ ಟವೆಲ್, ಕೈಗವಸು, ಬಿಸಿನೀರಿನ ಲೋಟ ಹಿಡಿಸಿ. ಪದೇ ಪದೇ ಆದರೆ ಡಾಕ್ಟರಿಗೆ ತಿಳಿಸಿ.

ಮಳೆಗಾಲ ಎಂದರೆ ನೆಗಡಿಯೂ ಹೌದು. ಅಂಗಡಿಯಿಂದ ತಂದ ನೆಗಡಿ ಮಾತ್ರೆ, ಸಿರಪ್‌ಗಳಲ್ಲಿ ಫೀನೈಲ್‌ಎಫ್ರಿನ್ ಅಥವಾ ಸ್ಯೂಡೋಎಫೆಡ್ರಿನ್ ಇರಬಹುದು. ಇವು ಮೀಥೈಲ್‌ಫೆನಿಡೇಟ್ ಜೊತೆ ಸೇರಿದರೆ ರಕ್ತದೊತ್ತಡ, ನಾಡಿಬಡಿತ ಎರಡೂ ಏರುತ್ತವೆ. ಹಾಗೆಯೇ ಕಾಫಿ. ಕಾಫಿ ಬೆಳೆಯುವ ನಾಡು, ಮನೆಯಲ್ಲಿ ಮಕ್ಕಳಿಗೂ ಡಿಕಾಕ್ಷನ್ ಕಾಫಿ ಕೊಡುವುದು ವಾಡಿಕೆ. ಪಂದ್ಯದ ಬೆಳಿಗ್ಗೆ ಮಾತ್ರೆಯ ಮೇಲೆ ಗಟ್ಟಿ ಕಾಫಿ ಬೇಡ. ಎನರ್ಜಿ ಡ್ರಿಂಕ್ ಅಂತೂ ಯಾವ ದಿನವೂ ಬೇಡ.

ಎಲ್ಲರ ಮಾತ್ರೆಯೂ ಇದೇ ಅಲ್ಲ. ಅಟೊಮಾಕ್ಸೆಟಿನ್ ಮೀಥೈಲ್‌ಫೆನಿಡೇಟ್‌ನಂತೆ ಉತ್ತೇಜಕವಲ್ಲ. ಪೂರ್ತಿ ಪರಿಣಾಮಕ್ಕೆ 4–6 ವಾರ ಬೇಕು, ದಿನಪೂರ್ತಿ ಇರುತ್ತದೆ, ಬೇಕಾದ ದಿನ ಮಾತ್ರ ತಗೊಳ್ಳುವ ಔಷಧ ಅಲ್ಲ. ಕ್ಲೋನಿಡಿನ್ ರಕ್ತದೊತ್ತಡ ಇಳಿಸುತ್ತದೆ, ತೂಕಡಿಕೆ ತರುತ್ತದೆ, ಸರ್ರನೆ ಎದ್ದರೆ ಕಣ್ಣು ಕತ್ತಲೆ. ಅದನ್ನು ಇದ್ದಕ್ಕಿದ್ದ ಹಾಗೆ ನಿಲ್ಲಿಸಿದರೆ ಒತ್ತಡ ಮೇಲಕ್ಕೆ ಜಿಗಿಯುತ್ತದೆ, ಅಪಾಯ. "ಪಂದ್ಯದ ದಿನ ಮಾತ್ರೆ ಬಿಡಿಸೋಣ, ಹುಡುಗ ಚುರುಕಾಗಿರ್ತಾನೆ" ಎಂದು ಯಾರೇ ಹೇಳಲಿ, ಮೊದಲು ಯಾವ ಮಾತ್ರೆ ಎಂದು ನೋಡಿ, ಡಾಕ್ಟರನ್ನು ಕೇಳಿ. ನಿಧಾನ ಬಿಡುಗಡೆಯ ಮಾತ್ರೆಯನ್ನು ಅರ್ಧ ಮಾಡುವುದು, ಜಗಿಯುವುದು, ಪುಡಿ ಮಾಡಿ ಹಾಲಿಗೆ ಹಾಕುವುದು ಇವೆಲ್ಲ ಇಡೀ ದಿನದ ಔಷಧವನ್ನು ಒಂದೇ ಸಲ ಮೈಗೆ ಬಿಟ್ಟಂತೆ.

ತಲೆಗೆ ಪೆಟ್ಟು ಬಿದ್ದಾಗ ಮರೆವು, ಗಮನವಿಲ್ಲದಿರುವುದು, ಸಿಡುಕು ಕಂಡರೆ "ಇವನು ಯಾವಾಗಲೂ ಹೀಗೇ" ಅನ್ನುವ ಮೋಸ ಸುಲಭ. ಆ ದಿನ ಆಟ ಮುಗಿಯಿತು, ಡಾಕ್ಟರ್ ಹೇಳುವ ತನಕ ಮತ್ತೆ ಇಲ್ಲ.

ಡಾಕ್ಟರಿಗೆ ನಮ್ಮಿಂದ ಸಿಗಬೇಕಾದ ದೊಡ್ಡ ಸಹಾಯ ಒಂದು ಸಾಲಿನ ಟಿಪ್ಪಣಿ. "ತುಂಬಾ ತರಲೆ" ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. "ಮಂಗಳವಾರ. ಮಾತ್ರೆ 8:10. ಮಧ್ಯಾಹ್ನ ಅರ್ಧ ಡಬ್ಬಿ. 4:45ಕ್ಕೆ ಖೋ ಮೊದಲೇ ಎದ್ದದ್ದು 3 ಸಲ, 5:20ಕ್ಕೆ ಅಳು, 5:40ರ ನಂತರ ಸರಿ." ಡೋಸ್ ಬದಲಾದ ಮೇಲೆ ಎರಡು ವಾರ ಹೀಗೆ ಬರೆದುಕೊಟ್ಟರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಾಗಲಿ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಾಗಲಿ, ನೋಡುವ ಡಾಕ್ಟರಿಗೆ ಮುಂದಿನ ಹೆಜ್ಜೆ ಇಡಲು ಆಧಾರ ಸಿಗುತ್ತದೆ. ಮಾತ್ರೆಯ ವಿಷಯವನ್ನು ಮಗುವಿನ ಹತ್ತಿರ ಪಕ್ಕಕ್ಕೆ ಕರೆದು ಕೇಳಿ. ತಂಡದ ಎದುರು "ಮಾತ್ರೆ ತಗೊಂಡ್ಯೇನೋ?" ಎಂದು ಒಂದು ಸಲ ಕೂಗಿದರೆ ಸಾಕು, ಅವನು ಅದನ್ನು ಕದ್ದು ಬಿಸಾಡಲು ಶುರು ಮಾಡುತ್ತಾನೆ.

ಇನ್ನು ಡೋಪಿಂಗ್. ಮೀಥೈಲ್‌ಫೆನಿಡೇಟ್ ವಾಡಾದ (ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ) ನಿಷೇಧಿತ ಪಟ್ಟಿಯಲ್ಲಿ ಉತ್ತೇಜಕಗಳ ಸಾಲಿನಲ್ಲಿದೆ. ನಿಷೇಧ ಸ್ಪರ್ಧೆಯ ಅವಧಿಗೆ: ಸಾಮಾನ್ಯವಾಗಿ ಹಿಂದಿನ ರಾತ್ರಿ 11:59ರಿಂದ ಸ್ಪರ್ಧೆ, ಮೂತ್ರದ ಮಾದರಿ ಕೊಡುವುದು ಮುಗಿಯುವವರೆಗೆ. ಅಟೊಮಾಕ್ಸೆಟಿನ್‌ಗೂ ಕ್ಲೋನಿಡಿನ್‌ಗೂ ನಿಷೇಧವಿಲ್ಲ. ವಲಯ, ತಾಲ್ಲೂಕು ಮಟ್ಟದಲ್ಲಿ ಯಾರಿಗೂ ಇದರ ನೆನಪೇ ಇರುವುದಿಲ್ಲ. ಮಗು ರಾಜ್ಯ ದಾಟಿ ರಾಷ್ಟ್ರೀಯ ಶಾಲಾ ಕ್ರೀಡಾಕೂಟಕ್ಕೋ ಖೇಲೋ ಇಂಡಿಯಾಕ್ಕೋ ಆಯ್ಕೆಯಾದಾಗ ಕೈಯಲ್ಲಿ ಕಾಗದವಿರುವುದಿಲ್ಲ. ಬೇಕಾದದ್ದು ಚಿಕಿತ್ಸೆಗಾಗಿ ಬಳಸುವ ವಿನಾಯಿತಿ, ಟಿಯುಇ. ನಾಡಾಕ್ಕೆ (ನಮ್ಮ ದೇಶದ ಉದ್ದೀಪನ ಮದ್ದು ತಡೆ ಸಂಸ್ಥೆಗೆ) ಸ್ಪರ್ಧೆಗೆ ಕನಿಷ್ಠ 30 ದಿನ ಮೊದಲು ಅರ್ಜಿ ಹೋಗಬೇಕು. ಜೊತೆಗೆ ಮನೋವೈದ್ಯರ ಅಥವಾ ಮಕ್ಕಳ ತಜ್ಞರ ವರದಿ: ಯಾವಾಗ, ಯಾವ ಆಧಾರದ ಮೇಲೆ ಎಡಿಎಚ್‌ಡಿ ಎಂದು ಗುರುತಿಸಿದರು, ಶಾಲೆ–ಮನೆಯವರು ತುಂಬಿದ ಪ್ರಶ್ನಾವಳಿಗಳು, ಔಷಧದ ಹೆಸರು, ಡೋಸ್, ಹೊತ್ತು. ಆಯ್ಕೆಪಟ್ಟಿ ಬಂದ ಮೇಲೆ ಇವನ್ನೆಲ್ಲ ಹುಡುಕಲು ಕೂತರೆ 30 ದಿನ ಸಾಲದು. ಜಿಲ್ಲಾ ತಂಡಕ್ಕೆ ಸೇರಿದ ದಿನವೇ ಫೈಲ್ ಮಾಡಿಟ್ಟುಕೊಳ್ಳಿ. "ಹಿಂದಿನ ದಿನ ಬಿಟ್ಟರೆ ಮೂತ್ರದಲ್ಲಿ ಸಿಗಲ್ಲ" ಎಂಬ ಮಾತಿನ ಮೇಲೆ ಮಗುವಿನ ಆಟವನ್ನು ಪಣಕ್ಕಿಡಬೇಡಿ. ಮಾದರಿ ಕೊಡುವಾಗ ಅಪ್ರಾಪ್ತ ಮಗುವಿನ ಜೊತೆ ದೊಡ್ಡವರೊಬ್ಬರು ಇರಬಹುದು. ನೀವೇ ಇರಿ, ತಗೊಳ್ಳುವ ಎಲ್ಲ ಔಷಧವನ್ನೂ ಫಾರ್ಮಿನಲ್ಲಿ ಬರೆಸಿ.

ಹೊರ ಊರಿನ ಪಂದ್ಯಕ್ಕೆ ಹೊರಟಾಗ ಇನ್ನೊಂದು ತೊಡಕು. ಮೀಥೈಲ್‌ಫೆನಿಡೇಟ್ ಷೆಡ್ಯೂಲ್ ಎಕ್ಸ್ ಔಷಧ, ಅಂದರೆ ಕಾನೂನಿನ ಬಿಗಿ ಹತೋಟಿಯ ಪಟ್ಟಿಯಲ್ಲಿರುವಂಥದ್ದು. ಇಡಲು ಮೆಡಿಕಲ್ ಶಾಪಿನವರಿಗೆ ಬೇರೆ ಲೈಸೆನ್ಸ್ ಬೇಕು, ಡಾಕ್ಟರ ಚೀಟಿ ಎರಡು ಪ್ರತಿಯಲ್ಲಿರಬೇಕು, ಒಂದನ್ನು ಅವರು ಎರಡು ವರ್ಷ ಇಟ್ಟುಕೊಳ್ಳಬೇಕು. ಹಾಗಾಗಿ ಮರೆತು ಹೋದರೆ ಸಿಕ್ಕ ಊರಿನಲ್ಲಿ ಕೊಂಡುಕೊಳ್ಳುವ ಮಾತಿಲ್ಲ. ದಿನಕ್ಕೊಂದರಂತೆ ಲೆಕ್ಕ ಹಾಕಿ ಎರಡು ದಿನದ್ದು ಹೆಚ್ಚಿಗೆ, ಸ್ಟ್ರಿಪ್ ಕತ್ತರಿಸದೆ, ಚೀಟಿಯ ಪ್ರತಿಯೊಂದಿಗೆ ಮೇಷ್ಟ್ರ ಚೀಲದಲ್ಲಿರಲಿ. ಮಕ್ಕಳ ಕಿಟ್ ಬ್ಯಾಗಿನಲ್ಲಿ ಬೇಡ, ಇನ್ನೊಬ್ಬ ಹುಡುಗ "ನೋಡೋಣ" ಎಂದು ನುಂಗಿದರೆ ಕಷ್ಟ. ಕೊಟ್ಟ ಕೂಡಲೇ ಹೊತ್ತು ಬರೆದಿಡಿ. ವಾಪಸು ಬಂದ ರಾತ್ರಿ ಬಸ್ ಸ್ಟ್ಯಾಂಡಿನಲ್ಲಿ ಅಪ್ಪ-ಅಮ್ಮನ ಕೈಗೆ ಉಳಿದ ಮಾತ್ರೆ ಎಣಿಸಿ ಕೊಟ್ಟು, ಕೊನೆಯದನ್ನು ಎಷ್ಟು ಹೊತ್ತಿಗೆ ಕೊಟ್ಟಿರಿ, ಮಧ್ಯಾಹ್ನ ಏನು ತಿಂದ ಎಂದು ಹೇಳಿ ಕಳಿಸಿ.