ಮೊಣಕಾಲು ಹಿಡಿದವನು

ನಿದ್ದೆ ಬರಲಿಲ್ಲ ಅಂತ ಸುಮ್ನೆ ಹೋಮರ್‌ನ ಗ್ರೀಕ್ ಮಹಾಕಾವ್ಯ ಇಲಿಯಡ್ ತೆಗೆದೆ. 21ನೇ ಭಾಗದಲ್ಲಿ ಸಿಕ್ಕಿಹಾಕಿಕೊಂಡೆ.

ಲೈಕಾವೊನ್ ಟ್ರಾಯ್‌ನ ರಾಜಕುಮಾರ. ಹಿಂದೊಮ್ಮೆ ಅಪ್ಪನ ತೋಟದಲ್ಲಿ, ರಥಕ್ಕೆಂದು ಅಂಜೂರದ ಕೊಂಬೆ ಕಡಿಯುತ್ತಿದ್ದಾಗ, ಟ್ರಾಯ್ ಮೇಲೆ ಯುದ್ಧಕ್ಕೆ ಬಂದಿದ್ದ ಗ್ರೀಕ್ ವೀರ ಅಕಿಲೀಸ್ ಕೈಗೆ ಸಿಕ್ಕಿದ್ದ. ಆಗ ಅಕಿಲೀಸ್ ಕೊಲ್ಲಲಿಲ್ಲ, ಲೆಮ್ನೋಸ್ ದ್ವೀಪದಲ್ಲಿ ಮಾರಿದ. (ಅದೇನು ದೊಡ್ಡ ದಯೆ ಅಲ್ಲ ಬಿಡಿ.) ಲೈಕಾವೊನ್ ಹೇಗೋ ಊರಿಗೆ ವಾಪಸ್ ಬಂದ. 11 ದಿನ ತನ್ನವರ ಜೊತೆ ಖುಷಿಯಾಗಿದ್ದ. 12ನೇ ದಿನ ಮತ್ತೆ ಅದೇ ಅಕಿಲೀಸ್ ಎದುರು!

ಒಂದು ಕೈಯಲ್ಲಿ ಅವನ ಮೊಣಕಾಲು, ಇನ್ನೊಂದರಲ್ಲಿ ಅವನ ಈಟಿ ಹಿಡಿದು ಬೇಡಿಕೊಳ್ಳುತ್ತಾನೆ. ಆದರೆ ಅಷ್ಟರಲ್ಲಿ ಅಕಿಲೀಸ್‌ನ ಜೀವದ ಗೆಳೆಯ ಪ್ಯಾಟ್ರೋಕ್ಲಸ್ ಟ್ರಾಯ್‌ನವರ ಕೈಯಲ್ಲಿ ಸತ್ತಿದ್ದಾನೆ. ಗೆಳೆಯಾ, ನೀನೂ ಸಾಯಿ, ಅಳೋದ್ಯಾಕೆ ಅನ್ನುತ್ತಾನೆ ಅಕಿಲೀಸ್. ಕತ್ತಿಯಿಂದ ಕೊಂದು, ಕಾಲು ಹಿಡಿದು ನದಿಗೆ ಎಸೆಯುತ್ತಾನೆ.

ಬೈದು ಕೊಂದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲವೇನೋ. ಆ 'ಗೆಳೆಯಾ' ಇದೆಯಲ್ಲ...