ಚಪ್ಪಲಿಯಿಂದ ಮೇಲೆ ಹೋದವರು

ಮಾರ್ಚ್ 9, 2024, ಶನಿವಾರ

ಇವತ್ತು ಒಂದೇ ಪದದ ಬೆನ್ನು ಹತ್ತಿದ್ದೆ. ಅಲ್ಟ್ರಾಕ್ರೆಪಿಡೇರಿಯನ್. ತನಗೆ ಗೊತ್ತಿಲ್ಲದ ವಿಷಯದಲ್ಲೂ ತೀರ್ಪು ಕೊಡುವವನು ಅಂತ ಅರ್ಥ. ಇಂಗ್ಲಿಷ್ ಮನೆಮಾತಿನವರ ಬಾಯಲ್ಲೂ ಇದು ಬರುವುದು ಅಪರೂಪ. ನನಗೆ ಇಂಥವೇ ಇಷ್ಟ. ದಿನಬಳಕೆಯ ಪದಗಳು ಸಾವಿರಾರು ಬಾಯಿ ದಾಟಿ ಸವೆದಿರುತ್ತವೆ. ಅಪರೂಪದ ಪದವನ್ನು ಕೆದಕಿದರೆ, ಅದನ್ನು ಮೊದಲು ಬಳಸಿದವರು ಯಾರು, ಯಾವ ಸಿಟ್ಟಿನಲ್ಲಿ, ಯಾವ ಖುಷಿಯಲ್ಲಿ ಅನ್ನುವುದು ಎಷ್ಟೋ ಸಲ ಸಿಕ್ಕಿಬಿಡುತ್ತದೆ.

ಈ ಪದದ ಬೇರು ರೋಮಿನ ಪ್ಲಿನಿ ಬರೆದಿಟ್ಟ ಒಂದು ಕಥೆಯಲ್ಲಿದೆ. ಗ್ರೀಕ್ ಚಿತ್ರಕಾರ ಅಪೆಲ್ಲೀಸ್ ತನ್ನ ಚಿತ್ರಗಳನ್ನು ದಾರಿಹೋಕರಿಗೆ ಕಾಣುವಂತೆ ಇಟ್ಟು, ಹಿಂದೆ ಅಡಗಿ ಅವರ ಮಾತು ಕೇಳುತ್ತಿದ್ದನಂತೆ. ಚಪ್ಪಲಿ ಹೊಲಿಯುವವನೊಬ್ಬ ಚಿತ್ರದಲ್ಲಿದ್ದ ಚಪ್ಪಲಿಯ ತಪ್ಪು ಹೇಳಿದ. ಅಪೆಲ್ಲೀಸ್ ತಿದ್ದಿದ. ಮರುದಿನ ಅದೇ ಮನುಷ್ಯ ಬಂದು ಕಾಲಿನ ಬಗ್ಗೆಯೂ ಮಾತು ಶುರು ಮಾಡಿದ. ಆಗ ಅಪೆಲ್ಲೀಸ್ ಹೊರಗೆ ಬಂದು, ಚಪ್ಪಲಿಯಿಂದ ಮೇಲಕ್ಕೆ ಹೋಗಬೇಡ ಅಂದ. ಲ್ಯಾಟಿನ್‌ನಲ್ಲಿ ಕ್ರೆಪಿಡಾ ಅಂದರೆ ಚಪ್ಪಲಿ.

1819ರಲ್ಲಿ ಪ್ರಬಂಧಕಾರ ವಿಲಿಯಂ ಹ್ಯಾಜ್ಲಿಟ್ ಈ ಪದವನ್ನು ವಿಲಿಯಂ ಗಿಫರ್ಡ್ ಮೇಲೆ ಎಸೆದ. ಗಿಫರ್ಡ್ ಆಗ ಕ್ವಾರ್ಟರ್ಲಿ ರಿವ್ಯೂ ಪತ್ರಿಕೆಯ ಸಂಪಾದಕ. ಆ ಪತ್ರಿಕೆ ಹ್ಯಾಜ್ಲಿಟ್‌ನನ್ನೂ ಕವಿ ಕೀಟ್ಸ್‌ನನ್ನೂ ಕಟುವಾಗಿ ಹಳಿದಿತ್ತು. ಸಿಟ್ಟಿಗೆ ಕಾರಣ ಇತ್ತು, ಒಪ್ಪುತ್ತೇನೆ.

ಆದರೆ ಗಿಫರ್ಡ್ ಚಿಕ್ಕವನಿದ್ದಾಗ ನಿಜಕ್ಕೂ ಚಪ್ಪಲಿ ಹೊಲಿಯುವ ಕೆಲಸಕ್ಕೆ ಸೇರಿದ್ದ! ಅಪ್ಪ ಅಮ್ಮ ಇಲ್ಲದ ಹುಡುಗ. ಅವನಿಗೆ ಗಣಿತದ ಹುಚ್ಚು. ಕಾಗದ ಕೊಳ್ಳಲು ಕಾಸಿರಲಿಲ್ಲ. ಚರ್ಮದ ತುಂಡುಗಳನ್ನು ಬಡಿದು ನುಣ್ಣಗೆ ಮಾಡಿ, ಮೊಂಡಾದ ದಬ್ಬಳದಿಂದ ಅದರ ಮೇಲೆ ಲೆಕ್ಕ ಬಿಡಿಸುತ್ತಿದ್ದೆ ಅಂತ ಅವನೇ ಬರೆದುಕೊಂಡಿದ್ದಾನೆ. ಇದು ಗೊತ್ತಾದ ಮೇಲೆ ಆ ಪದ ನನ್ನ ನಾಲಿಗೆಯ ಮೇಲೆ ಬೇರೆಯೇ ಆಯಿತು. ಪಂಡಿತರ ತಮಾಷೆ ಅಂತ ಕಂಡದ್ದರಲ್ಲಿ ಒಬ್ಬ ಬಡ ಹುಡುಗನ ಕಸುಬನ್ನು ಎತ್ತಿ ಆಡಿದ ಚುಚ್ಚು ಇತ್ತು. ಕೀಟ್ಸ್ ನನಗೆ ತುಂಬಾ ಪ್ರೀತಿಯ ಕವಿ. ಆದರೂ ಇಲ್ಲಿ ನನ್ನ ಮನಸ್ಸು ಗಿಫರ್ಡ್ ಕಡೆಗೇ ವಾಲುತ್ತದೆ. ಚರ್ಮದ ಮೇಲೆ ಲೆಕ್ಕ ಬಿಡಿಸಿದವನಿಗೆ ಚಪ್ಪಲಿಯಿಂದ ಮೇಲೆ ಹೋಗಬೇಡ ಅನ್ನೋದು ಸರಿಯಲ್ಲ, ಅಲ್ವಾ?

ಎಲ್ಲ ಪದಗಳೂ ಸಿಟ್ಟಿನಿಂದ ಹುಟ್ಟುವುದಿಲ್ಲ. ಪೆಟ್ರಿಕೋರ್ ಈಗ ಸುಮಾರು ಜನರಿಗೆ ಗೊತ್ತು. ಒಣಗಿದ ನೆಲಕ್ಕೆ ಮಳೆ ಬಿದ್ದಾಗ ಏಳುವ ವಾಸನೆ. 1964ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳಾದ ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ ಇಟ್ಟ ಹೆಸರು. ಒಣ ದಿನಗಳಲ್ಲಿ ಕಲ್ಲು, ಮಣ್ಣು ಹೀರಿಕೊಂಡ ಎಣ್ಣೆಯಂಥ ಅಂಶ ಆ ವಾಸನೆಗೆ ಕಾರಣ ಅಂತ ಅವರು ತೋರಿಸಿದರು. ಹೆಸರಿನಲ್ಲಿ ಗ್ರೀಕ್‌ನ ಕಲ್ಲು ಇದೆ, ಜೊತೆಗೆ ದೇವತೆಗಳ ಮೈಯಲ್ಲಿ ಹರಿಯುವ ರಕ್ತವೂ ಇದೆ. ಪ್ರಯೋಗಾಲಯದಲ್ಲಿ ಕೂತವರಿಗೆ ದೇವತೆಗಳ ರಕ್ತ ನೆನಪಾಯಿತಲ್ಲ, ಅದಕ್ಕೇ ಅವರ ಮೇಲೆ ನನಗೆ ಪ್ರೀತಿ ಜಾಸ್ತಿ.

ಏಪ್ರಿಸಿಟಿ ಪದವನ್ನು ಹೆನ್ರಿ ಕಾಕರಂ 1623ರ ತನ್ನ ನಿಘಂಟಿನಲ್ಲಿ ಸೇರಿಸಿದ. ಚಳಿಗಾಲದ ಬಿಸಿಲಿನ ಹಿತ ಅಂತ ಅರ್ಥ. ಆಮೇಲೆ ಅದನ್ನು ಹೆಚ್ಚು ಜನ ಮುಟ್ಟಲೇ ಇಲ್ಲ. ನಾನು ಮುಟ್ಟುತ್ತೇನೆ.

ಮಲಗುವ ಮುಂಚೆ ಡಾರ್ಡ್ ಬಗ್ಗೆಯೂ ಬರೆದಿಡಬೇಕು. ವೆಬ್‌ಸ್ಟರ್ ನಿಘಂಟಿನ 1934ರ ಆವೃತ್ತಿಯಲ್ಲಿ ಸಾಂದ್ರತೆ ಅನ್ನುವ ಅರ್ಥದ ಜೊತೆ ಅಚ್ಚಾದ ಪದ ಇದು. ನಿಜವಾಗಿ ಅಂಥ ಪದವೇ ಇರಲಿಲ್ಲ. ಸಾಂದ್ರತೆಯನ್ನು ದೊಡ್ಡ ಡಿ ಅಥವಾ ಚಿಕ್ಕ ಡಿ ಅಕ್ಷರದಿಂದ ಗುರುತಿಸಬಹುದು ಅಂತ ಒಂದು ಚೀಟಿಯಲ್ಲಿ ಬರೆದಿತ್ತು. ಆ ಚೀಟಿಯ ಡಿ, ಅಥವಾ ಅನ್ನುವ ಅರ್ಥದ ಇಂಗ್ಲಿಷ್ ಪದ ಆರ್, ಇನ್ನೊಂದು ಡಿ ಕೂಡಿಕೊಂಡು ಒಂದು ಪದವಾಗಿ ಅಚ್ಚಿಗೆ ಹೋಯಿತು. 1939ರಲ್ಲಿ ಸಂಪಾದಕರೊಬ್ಬರ ಕಣ್ಣಿಗೆ ಅದು ಬಿದ್ದದ್ದು ಯಾಕೆ ಗೊತ್ತಾ? ಪದ ಎಲ್ಲಿಂದ ಬಂತು ಅಂತ ಹೇಳುವ ಜಾಗ ಖಾಲಿ ಇತ್ತು.