ಆಕ್ಸ್‌ಫರ್ಡ್ ಕಾಲುವೆಯಲ್ಲಿ ಹತ್ತು ದಿನ: ನ್ಯಾರೋಬೋಟಿನ ಸೋಲಾರ್ ಲೆಕ್ಕ

ಅಕ್ಟೋಬರ್ ಕೊನೆಯ ವಾರದಲ್ಲಿ ಹೊರಟು ಇಂಗ್ಲೆಂಡಿನ ಆಕ್ಸ್‌ಫರ್ಡಿನಿಂದ ಬ್ಯಾನ್‌ಬರಿ, ಕ್ರೋಪ್ರೆಡಿಗಳ ಮೂಲಕ ನ್ಯಾಪ್ಟನ್‌ವರೆಗೆ ಪರಿಚಿತರೊಬ್ಬರ ನ್ಯಾರೋಬೋಟಿನಲ್ಲಿ (ಕಾಲುವೆಗಳಿಗೆಂದೇ ಕಟ್ಟಿದ ಉದ್ದನೆಯ, ಕಿರಿದಾದ ದೋಣಿಮನೆ) ನಾನೂ ನನ್ನ ಪತ್ನಿಯೂ ಹತ್ತು ದಿನ ಪ್ರಯಾಣ ಮಾಡಿದೆವು. ಏಳು ಅಡಿಗಿಂತ ಕಡಿಮೆ ಅಗಲದ ಆ ದೋಣಿಯ ಚಾವಣಿಯ ಮೇಲೆ ಒಟ್ಟು 350 ವ್ಯಾಟ್‌ನ ಎರಡು ಸೋಲಾರ್ ಫಲಕಗಳೂ, ಒಳಗೆ 110 ಆಂಪಿಯರ್-ಅವರ್‌ನ (ಬ್ಯಾಟರಿಯಲ್ಲಿ ಹಿಡಿಯುವ ವಿದ್ಯುತ್ತಿನ ಅಳತೆ) ನಾಲ್ಕು ಲೆಡ್-ಆಸಿಡ್ ಬ್ಯಾಟರಿಗಳೂ ಇದ್ದವು. ಇಷ್ಟಿದ್ದರೆ ಸಾಕೆಂದು ನಾನು ಭಾವಿಸಿದ್ದು ಮೈಸೂರಿನ ಮನೆಯ ಮಹಡಿಯ ಅನುಭವದಿಂದ. ಆ ದಿನಗಳಲ್ಲಿ ಮೈಸೂರಿನ ನಡುಹಗಲ ಸೂರ್ಯ ದಿಗಂತದಿಂದ ಸುಮಾರು 65 ಡಿಗ್ರಿ ಎತ್ತರದಲ್ಲಿದ್ದರೆ, ಇಲ್ಲಿ 25 ಡಿಗ್ರಿಯನ್ನೂ ಕಷ್ಟದಿಂದ ಮುಟ್ಟುತ್ತಾನೆ.

ಲೆಡ್-ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯಸ್ಸು ಕುಗ್ಗುವುದರಿಂದ, ನಾಲ್ಕೂ ಸೇರಿದ 440 ಆಂಪಿಯರ್-ಅವರ್‌ನಲ್ಲಿ ನಮಗೆ ದಕ್ಕುತ್ತಿದ್ದುದು 220 ಮಾತ್ರ. ಹಳೆಯ ಬ್ಯಾಟರಿಗಳಾದ್ದರಿಂದ ಅದೂ ಪೂರ್ತಿ ಸಿಗುತ್ತಿರಲಿಲ್ಲ. ಫ್ರಿಜ್ಜು ದಿನಕ್ಕೆ 40 ಆಂಪಿಯರ್-ಅವರ್ ನುಂಗುತ್ತಿತ್ತು. ದೀಪ, ನೀರಿನ ಪಂಪು, ಫೋನುಗಳಿಗೆ ಇನ್ನೊಂದು 20. ನಾವು ಹಟ ಹಿಡಿದು ಒಯ್ದಿದ್ದ ರೈಸ್ ಕುಕ್ಕರ್, ಇನ್ವರ್ಟರ್ ಮೂಲಕ ಅರ್ಧ ಗಂಟೆಯಲ್ಲಿ 30ಕ್ಕೂ ಹೆಚ್ಚು ಎಳೆಯುತ್ತಿತ್ತು. ಫಲಕಗಳಿಂದ ಬರುತ್ತಿದ್ದುದಾದರೋ ಒಳ್ಳೆಯ ಬಿಸಿಲಿನ ದಿನವೂ ಸುಮಾರು 35.

ಮಳೆಯ ಕಾರಣ ಲೋವರ್ ಹೇಫರ್ಡ್ ಬಳಿ ಮರಗಳ ಕೆಳಗೆ ದೋಣಿ ಕಟ್ಟಿ ಎರಡು ರಾತ್ರಿ ನಿಂತದ್ದು ನಮ್ಮ ದೊಡ್ಡ ತಪ್ಪು. ಫಲಕಗಳನ್ನು ಸರಣಿಯಲ್ಲಿ ಜೋಡಿಸಿದ್ದುದರಿಂದ ಒಂದರ ಮೇಲೆ ಬಿದ್ದ ಕೊಂಬೆಯ ನೆರಳು ಇಡೀ ವ್ಯವಸ್ಥೆಯ ಉತ್ಪಾದನೆಯನ್ನು ತಗ್ಗಿಸಿತು. ಎರಡನೆಯ ರಾತ್ರಿ ನಾಲ್ಕು ಗಂಟೆಗೆ, ಬ್ಯಾಟರಿ ಇಳಿದಿದೆಯೆಂದು ಇನ್ವರ್ಟರ್ ಕಿರುಚತೊಡಗಿತು. ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ ಅಕ್ಕಪಕ್ಕದವರ ನಿದ್ದೆ ಕೆಡಿಸಿ ಎಂಜಿನ್ ಓಡಿಸಿ ಬ್ಯಾಟರಿ ತುಂಬಿಸುವಂತಿಲ್ಲವಾದ್ದರಿಂದ ಕತ್ತಲಲ್ಲಿ ಕಾದು ಕುಳಿತೆವು. ಎಂಜಿನ್ ಚಾಲೂ ಮಾಡುವ ಬ್ಯಾಟರಿ ಪ್ರತ್ಯೇಕವಾಗಿದ್ದುದೇ ಪುಣ್ಯ. ಹೊರಡುವ ಮೊದಲು ನೀವು ಇದನ್ನು ವಿಚಾರಿಸಿಕೊಳ್ಳಿ.

ಅಲ್ಲಿಂದ ಮುಂದೆ ದೋಣಿ ಕಟ್ಟುವ ಜಾಗವನ್ನು ನೋಟಕ್ಕಾಗಿ ಅಲ್ಲ, ದಕ್ಷಿಣದ ಆಕಾಶ ತೆರೆದಿದೆಯೇ ಎಂದು ನೋಡಿ ಆರಿಸಿದೆವು. ಅನ್ನ ಗ್ಯಾಸ್ ಒಲೆಗೆ ಹೋಯಿತು. ಮಿಕ್ಸಿಯನ್ನು ಎಂಜಿನ್ ಓಡುವಾಗ ಮಾತ್ರ ಬಳಸಿದೆವು. ದೋಸೆ ಹಿಟ್ಟು ಎಂಜಿನ್ನಿನ ಶಾಖದಲ್ಲಿ, ಬಿಸಿನೀರಿನ ತೊಟ್ಟಿಯ ಪಕ್ಕದಲ್ಲಿ ಸೊಗಸಾಗಿ ಹುದುಗು ಬಂತು. ಬೆಳಿಗ್ಗೆ ಫಲಕಗಳಿಗೆ ಬಿಸಿಲು ತಾಗುವ ಮುನ್ನ ವೋಲ್ಟೇಜ್ ನೋಡಿ ಬರೆದಿಡಿ: ಬಳಕೆಯಿಲ್ಲದೆ ನಿಂತ ಬ್ಯಾಟರಿಯಲ್ಲಿ 12.7 ಇದ್ದರೆ ತುಂಬಿದೆ, 12.2 ಇದ್ದರೆ ಅರ್ಧಕ್ಕೆ ಬಂದಿದೆ. ಬ್ಯಾಟರಿಯ ಕೊನೆಯ ಶೇ. 20 ತುಂಬಲು ಗಂಟೆಗಟ್ಟಲೆ ಹಿಡಿಯುವುದರಿಂದ, ನಿಂತಲ್ಲೇ ಒಂದು ಗಂಟೆ ಎಂಜಿನ್ ಓಡಿಸುವುದಕ್ಕಿಂತ ದಿನಕ್ಕೆ ನಾಲ್ಕು ಗಂಟೆ ಸಾಗುವಂತೆ ಪ್ರಯಾಣವನ್ನು ಹಂಚಿಕೊಳ್ಳುವುದು ಲೇಸು.

ಲಿಥಿಯಂ ಬ್ಯಾಟರಿಯ ದೋಣಿ ಸಿಕ್ಕರೆ ಶೇ. 80ರವರೆಗೆ ಬಳಸಬಹುದು. ಆದರೆ ಜನವರಿಯಲ್ಲಿ ಹೋಗುವವರು, ಅದನ್ನು ಸೊನ್ನೆ ಡಿಗ್ರಿಗಿಂತ ಕಡಿಮೆ ಉಷ್ಣತೆಯಲ್ಲಿ ಚಾರ್ಜ್ ಆಗದಂತೆ ತಡೆಯುವ ವ್ಯವಸ್ಥೆ ಇದೆಯೇ ಎಂದು ಮಾಲೀಕರನ್ನು ಕೇಳಿಯೇ ಕೀಲಿಕೈ ಪಡೆಯಬೇಕು.